ಒಂದೇ ಬಳ್ಳಿಯ ಮೆಣಸು

"ಗುರುಗಳೇ, ಊರಿಗೆಲ್ಲ ಗೊತ್ತಿರುವ ಒಂದು ಸಣ್ಣ ವಿಷಯ ನಲವತ್ತೆಂಟನೆಯ ವಯಸ್ಸಿನಲ್ಲಿ ತಿಳಿದವನು, ಮತ್ತೆ ಜನರ ಮುಂದೆ ಕುಳಿತು ಬೋಧನೆ ಮಾಡಬಹುದೇ?"

ಹೀಗೆ ಕೇಳಿದ ಶಿಷ್ಯನು ಆರು ವರ್ಷಗಳಿಂದ ಮಠದ ಪರವಾಗಿ ಪ್ರವಚನ ಮಾಡುತ್ತಿದ್ದವನು. ಎರಡು ದಿನಗಳ ಹಿಂದೆ ಮಠದ ಸಭೆಯಲ್ಲಿ ಅವನು ವಿನಯದ ಕುರಿತು ಮಾತಾಡುತ್ತಿದ್ದ. ಶೇಂಗಾ ಗಿಡದ ಕೊಂಬೆಗಳು ಕಾಯಿಗಳ ಭಾರಕ್ಕೆ ನೆಲ ಮುಟ್ಟುವಂತೆ ಬಾಗುತ್ತವೆ, ವಿನಯವಂತನೂ ಹಾಗೆಯೇ ಬಾಗುತ್ತಾನೆ ಎಂದು ಹೇಳಿದ. ಅದು ಅವನ ಮೆಚ್ಚಿನ ಉಪಮೆ. ಆರು ವರ್ಷಗಳಿಂದ ಹೇಳುತ್ತ ಬಂದದ್ದು. ಆಗ ಹೆಂಗಸರ ಸಾಲಿನಲ್ಲಿದ್ದ ಒಬ್ಬ ಮುದುಕಿ, "ಅಪ್ಪಾ, ಶೇಂಗಾ ಕೊಂಬೆಗೆ ಬಿಡುವುದಿಲ್ಲ. ಮಣ್ಣಿನೊಳಗೆ ಬಿಡುತ್ತದೆ. ನೀವು ಒಂದು ದಿನವೂ ಗಿಡ ಕಿತ್ತು ನೋಡಿಲ್ಲವೇನು?" ಎಂದಳು. ಸಭೆ ನಕ್ಕಿತು. ಅಂದಿನಿಂದ ಶಿಷ್ಯನು ಪ್ರವಚನಕ್ಕೆ ಕುಳಿತಿರಲಿಲ್ಲ. ಇನ್ನು ಮುಂದೆ ಹಿತ್ತಿಲಿನಲ್ಲಿ ಪೂಜೆಗೆ ಹೂವು ಬಿಡಿಸಿಕೊಂಡಿರುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಲು ಬಂದಿದ್ದ.

ಗುರುಗಳಿಗೆ ಎಪ್ಪತ್ತೊಂಬತ್ತು ವರ್ಷ. ಅವರು ಕೇಳಿದರು: "ಹೂವಿನ ವಿಷಯವಾದರೂ ನಿನಗೆ ಪೂರ್ತಿ ಗೊತ್ತಿದೆಯೇ?"

ಶಿಷ್ಯನು ತಲೆ ತಗ್ಗಿಸಿದ.

"ಹಾಗಾದರೆ ಕುಳಿತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ" ಎಂದು ಗುರುಗಳು ಹೇಳತೊಡಗಿದರು.

ಬಯಲುನಾಡಿನಲ್ಲಿ ಒಂದು ಮೆಣಸಿನ ಪೇಟೆ ಇತ್ತು. ಅಲ್ಲಿ ಎರಡು ಓಣಿಗಳು. ಒಂದರಲ್ಲಿ ಕರಿಯ ಮೆಣಸು ಮಾರುತ್ತಿದ್ದರು, ಇನ್ನೊಂದರಲ್ಲಿ ಬಿಳಿಯ ಮೆಣಸು. ಬಿಳಿಯದಕ್ಕೆ ಬೆಲೆ ಇಮ್ಮಡಿ. ಎರಡೂ ಘಟ್ಟದ ಮೇಲಿನಿಂದ ಎತ್ತುಗಳ ಮೇಲೆ ಬರುತ್ತಿದ್ದವು. ಪೇಟೆಯ ವರ್ತಕರು ಮಾತ್ರ ಘಟ್ಟ ಹತ್ತುತ್ತಿರಲಿಲ್ಲ. ಅದು ಹಿರಿಯರು ಮಾಡಿದ ಕಟ್ಟಳೆ. ಬಳ್ಳಿಯನ್ನು ನೋಡಿದ ವರ್ತಕನಿಗೆ ಬೆಳೆದವನ ಮೇಲೆ ಕನಿಕರ ಹುಟ್ಟುತ್ತದೆ, ಕನಿಕರ ಹುಟ್ಟಿದರೆ ದರ ಕೆಡುತ್ತದೆ ಎಂದು ಅವರ ಲೆಕ್ಕಾಚಾರ. ಆದ್ದರಿಂದ ಮೂರು ತಲೆಮಾರಿನವರು ಮೆಣಸು ಮಾರಿ ಮನೆ ಕಟ್ಟಿದರು, ಮಕ್ಕಳ ಮದುವೆ ಮಾಡಿದರು. ಮೆಣಸಿನ ಬಳ್ಳಿಯನ್ನು ಒಬ್ಬರೂ ನೋಡಲಿಲ್ಲ.

ಪೇಟೆಗೆ ಒಬ್ಬ ವರ್ತಕ ಯಜಮಾನನಾಗಿದ್ದ. ಅವನ ನಾಲಗೆ ಪ್ರಸಿದ್ಧವಾಗಿತ್ತು. ಕಣ್ಣು ಮುಚ್ಚಿ ಒಂದು ಕಾಳು ಕಚ್ಚಿದರೆ ಅದು ಯಾವ ಗುಡ್ಡದ್ದು, ಯಾವ ತಿಂಗಳಲ್ಲಿ ಕಿತ್ತದ್ದು ಎಂದು ಹೇಳುತ್ತಿದ್ದ. ಹೇಳಿದ್ದು ಒಮ್ಮೆಯೂ ತಪ್ಪಿರಲಿಲ್ಲ. ಅಂಥವನು ಒಂದು ವಿಷಯವನ್ನು ಬಾಲ್ಯದಿಂದ ನಂಬಿದ್ದ: ಕರಿಯ ಮೆಣಸಿನ ಬಳ್ಳಿ ಬೇರೆ, ಬಿಳಿಯ ಮೆಣಸಿನ ಬಳ್ಳಿ ಬೇರೆ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಓಣಿಗಳು ಎರಡಿದ್ದವು, ಅಷ್ಟೇ ಸಾಕಾಗಿತ್ತು.

ಈ ನಂಬಿಕೆಯ ಮೇಲೆ ಅವನು ಒಂದು ನಿಯಮ ಮಾಡಿದ್ದ. ಮೆಣಸು ತರುವವರು ತಮ್ಮದು ಯಾವ ಬಳ್ಳಿ ಎಂದು ಮೊದಲೇ ಹೇಳಬೇಕು. ಕರಿಯ ಬಳ್ಳಿಯವನು ಬಿಳಿಯ ಮೆಣಸು ತಂದರೆ ಅದು ಕದ್ದ ಮಾಲು. ಚೀಲ ಪೇಟೆಯ ಪಾಲು, ತಂದವನು ಮತ್ತೆಂದೂ ಪೇಟೆಯೊಳಗೆ ಕಾಲಿಡುವಂತಿಲ್ಲ. ಘಟ್ಟದವರು ಇದನ್ನು ದೊಡ್ಡವರ ಕಟ್ಟಳೆ ಎಂದುಕೊಂಡು ಸಹಿಸಿದರು. ಬಿಳಿಯ ಮೆಣಸು ಮಾರುವ ಹಕ್ಕು ಕೆಲವು ಮನೆತನಗಳಿಗೆ ಮಾತ್ರ ಇದೆಯೆಂದು ಅವರು ತಿಳಿದರು. ಯಜಮಾನನಿಗೆ ವಿಷಯವೇ ಗೊತ್ತಿಲ್ಲ ಎಂದು ಅವರಲ್ಲಿ ಯಾರಿಗೂ ತೋಚಲಿಲ್ಲ. ಅಂಥ ನಾಲಗೆಯವನಿಗೆ ಇಷ್ಟು ಗೊತ್ತಿರದೇ ಇರುತ್ತದೆಯೇ?

ಒಂದು ವರ್ಷ ಘಟ್ಟದಿಂದ ಒಬ್ಬ ವಿಧವೆ ಬಂದಳು. ಅವಳ ಗಂಡ ಬದುಕಿದ್ದಾಗ ವರ್ಷವರ್ಷವೂ ಕರಿಯ ಮೆಣಸು ತರುತ್ತಿದ್ದ. ಪೇಟೆಯ ಕಟ್ಟಳೆ ತಿಳಿಯದ ಅವಳು ಒಂದು ಚೀಲ ಬಿಳಿಯ ಮೆಣಸು ತಂದಿದ್ದಳು. ಬಾಗಿಲಿನಲ್ಲಿ ಅವಳನ್ನು ತಡೆದು ನ್ಯಾಯದ ಕಟ್ಟೆಗೆ ಕರೆತಂದರು. ಆ ಚೀಲ ಹೋದರೆ ಅವಳಿಗೆ ಆ ವರ್ಷದ ಊಟ ಹೋಯಿತು. ಪೇಟೆಗೆ ಬರಬಾರದೆಂದರೆ ಮುಂದಿನ ವರ್ಷಗಳ ಊಟವೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಕಳ್ಳಿ ಎಂಬ ಹೆಸರು ಹೊತ್ತುಕೊಂಡು ಅವಳು ಊರಿಗೆ ಹೋಗಬೇಕು.

ಯಜಮಾನ ಒಂದು ಕಾಳು ಕಚ್ಚಿ ನೋಡಿದ. "ಒಳ್ಳೆಯ ಮಾಲು. ಯಾರ ಬಳ್ಳಿಯದಮ್ಮಾ ಇದು?"

"ನನ್ನದೇ, ಯಜಮಾನರೇ."

"ನಿನ್ನ ಮನೆಯದು ಕರಿಯ ಬಳ್ಳಿ."

"ಹೌದು, ಅದೇ ಬಳ್ಳಿ."

"ಕರಿಯ ಬಳ್ಳಿಯಲ್ಲಿ ಬಿಳಿಯ ಮೆಣಸು ಬಿಟ್ಟಿತೋ?"

ಹೆಂಗಸು ಅವನ ಮುಖ ನೋಡಿದಳು. ಯಜಮಾನರು ತಮಾಷೆ ಮಾಡುತ್ತಿದ್ದಾರೆಂದು ಭಾವಿಸಿ ಸ್ವಲ್ಪ ನಕ್ಕಳು. ಬೇರೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದಳು.

ಪಕ್ಕದಲ್ಲಿದ್ದ ಒಬ್ಬ ದಲ್ಲಾಳಿ, "ನಿನ್ನ ಎಮ್ಮೆ ಹಾಲಿನ ಬದಲು ಮಜ್ಜಿಗೆಯನ್ನೇ ಕೊಡುತ್ತದೆಯೇನಮ್ಮಾ?" ಎಂದ.

"ಎಮ್ಮೆ ಹಾಲನ್ನೇ ಕೊಡುತ್ತದೆ, ಅಣ್ಣಾ. ಮಜ್ಜಿಗೆ ಮಾಡಿಕೊಳ್ಳುವವಳು ನಾನು. ಇದೂ ಹಾಗೆಯೇ" ಎಂದಳು. ಆಮೇಲೆ ಯಜಮಾನನ ಕಡೆ ತಿರುಗಿ ಹೇಳಿದಳು: "ಕಾಯಿ ಹಸಿರಾಗಿದ್ದಾಗ ಕಿತ್ತು ಒಣಗಿಸಿದರೆ ಸಿಪ್ಪೆ ಸುಕ್ಕಾಗಿ ಕರಿಯ ಮೆಣಸು. ಹಣ್ಣಾಗಲು ಬಿಟ್ಟು, ಹರಿಯುವ ನೀರಿನಲ್ಲಿ ಎಂಟು ದಿನ ಹಾಕಿ, ಸಿಪ್ಪೆ ಉಜ್ಜಿ ತೆಗೆದರೆ ಬಿಳಿಯ ಮೆಣಸು. ಹಳ್ಳ ಈಗ ದಿಕ್ಕು ತಿರುಗಿ ನಮ್ಮ ತೋಟದ ಪಕ್ಕದಲ್ಲೇ ಹರಿಯುತ್ತಿದೆ, ನೀರಿಗೆ ಬರವಿಲ್ಲ. ಅದಕ್ಕೆ ಮಾಡಿದೆ. ನಂಬಿಕೆ ಇಲ್ಲದಿದ್ದರೆ ನಿಮ್ಮದೇ ಅಂಗಡಿಯ ಕರಿಯ ಮೆಣಸು ಒಂದು ಹಿಡಿ ಬಿಸಿನೀರಿಗೆ ಹಾಕಿ. ಮಧ್ಯಾಹ್ನದ ಹೊತ್ತಿಗೆ ಸಿಪ್ಪೆ ಮೆತ್ತಗಾಗುತ್ತದೆ. ನೀವೇ ಉಜ್ಜಿ ನೋಡಿ."

ಇದೇ ಮಾತನ್ನು ಒಂಬತ್ತು ವರ್ಷಗಳ ಹಿಂದೆ ಒಬ್ಬ ರೈತ ಇದೇ ಕಟ್ಟೆಯ ಕೆಳಗೆ ನಿಂತು ಹೇಳಿದ್ದ. ಅಂದು ಯಜಮಾನ ನೀರು ತರಿಸಿರಲಿಲ್ಲ. ಅವನ ಚೀಲ ಕಸಿದುಕೊಂಡು ಪೇಟೆಯಿಂದ ಹೊರಗೆ ಹಾಕಿಸಿದ್ದ. ಇಂದು ನೀರು ತರಿಸಿದ. ಹೆಂಗಸಿನ ಬಾಯಿ ಮುಚ್ಚಿಸಲು ಅದೇ ಸುಲಭದ ದಾರಿ ಎಂದು ಅವನಿಗೆ ತೋರಿತ್ತು. ಒಂದು ಬಟ್ಟಲಿನಲ್ಲಿ ಮೆಣಸು ನೆನೆಹಾಕಿಸಿ, ತನ್ನ ಕೋಣೆಯಲ್ಲಿ ಇಡಿಸಿದ. ಮೂರು ಗಂಟೆಗೆ ತೀರ್ಪು ಹೇಳುತ್ತೇನೆ ಎಂದು ಎದ್ದ.

ಊಟ ಮಾಡಿ ಕೋಣೆಗೆ ಬಂದವನು ಒಂದು ಕಾಳನ್ನು ಎತ್ತಿ ಬೆರಳಿನಲ್ಲಿ ಉಜ್ಜಿದ. ಕರಿಯ ಸಿಪ್ಪೆ ಜಾರಿ ಬಿತ್ತು. ಒಳಗಿದ್ದದ್ದು ಬಿಳಿಯ ಮೆಣಸು. ಇನ್ನೊಂದನ್ನು ಉಜ್ಜಿದ. ಅದೂ ಹಾಗೆಯೇ. ಹತ್ತು ಕಾಳು ಉಜ್ಜಿದ ಮೇಲೆ ಅವನು ಕುಳಿತುಕೊಂಡ.

ಅಷ್ಟರಲ್ಲಿ ಅವನ ತೂಕದವನು ಒಳಗೆ ಬಂದ. ಮೂವತ್ತು ವರ್ಷಗಳಿಂದ ಯಜಮಾನನ ತಕ್ಕಡಿ ಹಿಡಿದವನು. ಬಟ್ಟಲನ್ನು ನೋಡಿದ, ಬಿಳಿಯ ಕಾಳುಗಳನ್ನು ನೋಡಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ನಿನಗೆ ಇದು ಗೊತ್ತಿತ್ತೇ?" ಎಂದು ಯಜಮಾನ ಕೇಳಿದ.

"ಗೊತ್ತಿತ್ತು. ನನ್ನ ಹೆಂಡತಿ ಘಟ್ಟದ ಮೇಲಿನವಳಲ್ಲವೇ? ಮದುವೆಯಾದ ವರ್ಷವೇ ಗೊತ್ತಾಯಿತು."

"ಮತ್ತೆ ನನಗೇಕೆ ಹೇಳಲಿಲ್ಲ?"

"ಹೇಳೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ರೈತ ಹೇಳಿದ. ಅವನಿಗೆ ಆದದ್ದನ್ನು ನೋಡಿದೆ" ಎಂದ ತೂಕದವನು.

ಯಜಮಾನ ಬಟ್ಟಲಿನಿಂದ ಇನ್ನೊಂದು ಕಾಳು ಎತ್ತಿ ಉಜ್ಜಿದ.

"ಬಟ್ಟಲನ್ನು ಹಿತ್ತಿಲಿಗೆ ಚೆಲ್ಲಿಬಿಡಲೇ?" ಎಂದು ತೂಕದವನು ಕೇಳಿದ. "ಸಿಪ್ಪೆ ಬಿಡಲಿಲ್ಲ ಎಂದರೆ ಆಯಿತು. ನಿಮ್ಮ ಮಾತನ್ನು ಯಾರು ಇಲ್ಲವೆನ್ನುತ್ತಾರೆ?"

ಅವನು ಹೇಳಿದ್ದು ನಿಜವೇ ಆಗಿತ್ತು. ಯಾರೂ ಇಲ್ಲವೆನ್ನುತ್ತಿರಲಿಲ್ಲ. ಯಜಮಾನನಿಗೆ ಅರವತ್ತೆರಡು ವರ್ಷ. ಇನ್ನೆಷ್ಟು ದಿನ? ಚೆಲ್ಲಿದರೆ ಹೆಸರು ಉಳಿಯುತ್ತದೆ. ಚೆಲ್ಲದಿದ್ದರೆ, ಮೆಣಸಿನ ಪೇಟೆಯ ಯಜಮಾನನಿಗೆ ಮೆಣಸು ಎಂದರೇನೆಂದು ಗೊತ್ತಿರಲಿಲ್ಲ ಎಂದು ನಾಳೆ ಕೂಸುಗಳೂ ಹೇಳುತ್ತವೆ. ಅಷ್ಟೇ ಆಗಿದ್ದರೆ ಅವನು ಸಹಿಸುತ್ತಿದ್ದನೋ ಏನೋ. ಆದರೆ ಈ ಹೆಂಗಸಿನ ಮಾತು ನಿಜವೆಂದರೆ ಆ ರೈತನ ಮಾತೂ ನಿಜ. ಈ ದಿನದ ತಿಳಿವಳಿಕೆ ಈ ದಿನಕ್ಕೇ ನಿಲ್ಲುವುದಿಲ್ಲ, ಅದು ಹಿಂದಕ್ಕೂ ಹೋಗುತ್ತದೆ. ತಡವಾಗಿ ಕಲಿಯುವುದರ ನಿಜವಾದ ಕಷ್ಟ ಅದು. ನಗುವಿಗೆ ಯಾರೂ ಅಷ್ಟು ಹೆದರುವುದಿಲ್ಲ.

ಮೂರು ಗಂಟೆಗೆ ಯಜಮಾನ ಹೊರಗೆ ಬಂದ. ಬಟ್ಟಲು ಅವನ ಕೈಯಲ್ಲಿಯೇ ಇತ್ತು. ಅದನ್ನು ಕಟ್ಟೆಯ ಮೇಲಿಟ್ಟು ಹೇಳಿದ:

"ಎರಡೂ ಒಂದೇ ಬಳ್ಳಿಯವು. ಈ ತಾಯಿ ಕದ್ದಿಲ್ಲ. ಒಂಬತ್ತು ವರ್ಷಗಳ ಹಿಂದೆ ನಾನು ಹೊರಗೆ ಹಾಕಿಸಿದ ರೈತನೂ ಕದ್ದಿರಲಿಲ್ಲ. ನನಗೆ ಇದು ಗೊತ್ತಿರಲಿಲ್ಲ. ಇವತ್ತು ಊಟವಾದ ಮೇಲೆ ಗೊತ್ತಾಯಿತು."

ಮೊದಲು ದಲ್ಲಾಳಿ ನಕ್ಕ. ಆಮೇಲೆ ಎರಡೂ ಓಣಿಗಳು ನಕ್ಕವು. ನಗುವವರಲ್ಲಿ ಮುಕ್ಕಾಲು ಪಾಲು ಜನರಿಗೂ ಅದು ಗೊತ್ತಾದದ್ದು ಆ ಗಳಿಗೆಯಲ್ಲಿಯೇ. ಆದರೆ ಎಲ್ಲರೂ ಹುಟ್ಟುವಾಗಲೇ ತಿಳಿದುಕೊಂಡು ಬಂದವರಂತೆ ನಕ್ಕರು. ಹೆಂಗಸು ನಗಲಿಲ್ಲ. ಅವಳು ತನ್ನ ಚೀಲವನ್ನು ಬಿಳಿಯ ಮೆಣಸಿನ ಓಣಿಗೆ ಹೊರಿಸಿಕೊಂಡು ಹೋಗಿ, ಒಳ್ಳೆಯ ಬೆಲೆಗೆ ಮಾರಿದಳು.

ಮರುದಿನ ಬೆಳಗ್ಗೆ ಯಜಮಾನ ಘಟ್ಟ ಹತ್ತಿದ. ಪೇಟೆಯ ಯಾವ ವರ್ತಕನೂ ಹತ್ತದ ಘಟ್ಟ. ಎರಡು ಕಡೆ ಕುಳಿತು ದಣಿವಾರಿಸಿಕೊಂಡ. ಕೇಳುತ್ತ ಕೇಳುತ್ತ ಆ ರೈತನ ಊರಿಗೆ ಹೋದ. ಪೇಟೆ ತಪ್ಪಿದ ಮೇಲೆ ಆ ರೈತ ಬೇರೆಯವರ ತೋಟದಲ್ಲಿ ದುಡಿಯುತ್ತಿದ್ದ. ಯಜಮಾನ ಹೋದಾಗ ಅವನು ಹಳ್ಳದಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ನೆನೆದ ಮೆಣಸನ್ನು ಬುಟ್ಟಿಯಲ್ಲಿ ತುಳಿಯುತ್ತಿದ್ದ.

ಯಜಮಾನ ದಡದಲ್ಲಿ ನಿಂತು, "ನೀನು ಅಂದು ಹೇಳಿದ್ದು ಸರಿ. ನನಗೆ ತಿಳಿದಿರಲಿಲ್ಲ. ಪೇಟೆಯ ಬಾಗಿಲು ನಿನಗೆ ತೆರೆದಿದೆ. ನಿನ್ನ ಚೀಲದ ಬೆಲೆ ತಂದಿದ್ದೇನೆ" ಎಂದ.

ರೈತ ತುಳಿಯುವುದನ್ನು ನಿಲ್ಲಿಸಲಿಲ್ಲ. "ಒಂಬತ್ತು ವರ್ಷದ್ದನ್ನು ತಂದಿದ್ದೀರಾ?" ಎಂದ.

"ಅದನ್ನು ತರುವ ದಾರಿ ನನಗೆ ಗೊತ್ತಿಲ್ಲ" ಎಂದ ಯಜಮಾನ.

ರೈತ ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ನೋಡಿದ. ಗೊತ್ತಿಲ್ಲ ಎಂಬ ಮಾತನ್ನು ಆ ಬಾಯಿಂದ ಅವನು ನಿರೀಕ್ಷಿಸಿರಲಿಲ್ಲ. ಇನ್ನೊಂದು ಬುಟ್ಟಿಯನ್ನು ಹತ್ತಿರ ಎಳೆದು, "ಪಂಚೆ ಎತ್ತಿ ಕಟ್ಟಿ ಇಳಿಯಿರಿ. ಇನ್ನೂ ನಾಲ್ಕು ಬುಟ್ಟಿ ಇವೆ. ಹಿಮ್ಮಡಿಯಿಂದ ತುಳಿಯಬೇಡಿ, ಕಾಳು ಒಡೆಯುತ್ತದೆ. ಪಾದದ ಮುಂಭಾಗದಿಂದ" ಎಂದ.

ಯಜಮಾನ ಇಳಿದ. ನೀರು ತಣ್ಣಗಿತ್ತು. ಎರಡು ಬುಟ್ಟಿ ತುಳಿದ ಮೇಲೆ ಅವನು ದಡದ ಮರವನ್ನು ತೋರಿಸಿ, "ಆ ಬಳ್ಳಿ ಕಟ್ಟದೆಯೇ ಮರವನ್ನು ಹೇಗೆ ಹಿಡಿದುಕೊಂಡಿದೆ?" ಎಂದು ಕೇಳಿದ. ರೈತ ಹೇಳಿದ. ಯಜಮಾನ ಇನ್ನೊಂದು ಕೇಳಿದ. ಅದಕ್ಕೂ ರೈತ ಹೇಳಿದ. ನಾಲ್ಕು ಬುಟ್ಟಿಗಳು ಮುಗಿದರೂ ಅವನ ಪ್ರಶ್ನೆಗಳು ಮುಗಿಯಲಿಲ್ಲ. ಮುಂದಿನ ಸಂತೆಗೆ ರೈತ ಪೇಟೆಗೆ ಬಂದ. ಅವನೊಂದಿಗೆ ಯಜಮಾನನೂ ಘಟ್ಟ ಇಳಿದು ಬಂದ. ಆಮೇಲೆ ವರ್ಷಕ್ಕೊಮ್ಮೆ, ಹಣ್ಣು ಕೆಂಪಾಗುವ ಕಾಲಕ್ಕೆ, ಪೇಟೆಯ ವರ್ತಕರು ಘಟ್ಟಕ್ಕೆ ಹೋಗಿ ಬಳ್ಳಿ ನೋಡಿ ಬರುವುದು ರೂಢಿಯಾಯಿತು. ದರವೂ ಸ್ವಲ್ಪ ಕೆಟ್ಟಿತು ಎನ್ನುತ್ತಾರೆ. ಪೇಟೆ ಮುಳುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು, "ಜನ ಎಷ್ಟು ದಿನ ನಕ್ಕರು?" ಎಂದು ಕೇಳಿದ.

"ಆ ಸಂತೆಯವರೆಗೆ. ಆಮೇಲೆ ನಗಲು ಬೇರೊಬ್ಬ ಸಿಕ್ಕಿರಬೇಕು."

ಶಿಷ್ಯನಿಗೂ ನಗು ಬಂತು. ಆದರೆ ಅವನ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಲು ಅವನಿಗೆ ಸಂಕೋಚವಾಯಿತು. ಆದರೂ ಕೇಳಿದ:

"ಗುರುಗಳೇ, ಆ ಉಪಮೆಯನ್ನು ಆರು ವರ್ಷ ನಿಮ್ಮ ಎದುರಿಗೇ ಹೇಳಿದ್ದೇನೆ. ಆ ತೂಕದವನ ಹಾಗೆ ನೀವೂ ಗೊತ್ತಿದ್ದು ಸುಮ್ಮನಿದ್ದಿರಾ? ನಾನು ಕೋಪಿಸಿಕೊಳ್ಳುತ್ತೇನೆ ಎಂದುಕೊಂಡಿರಾ?"

ಗುರುಗಳು ಹೇಳಿದರು:

"ಇಲ್ಲಪ್ಪಾ, ಶೇಂಗಾ ಮಣ್ಣಿನೊಳಗೆ ಬಿಡುತ್ತದೆಂದು ನನಗೂ ತಿಳಿದದ್ದು ಮೊನ್ನೆಯೇ."