ಅರಸ ಹೊತ್ತ ಬುಟ್ಟಿ ಮಣ್ಣು

"ನಮ್ಮ ಪಂಡಿತರು ನಿಮ್ಮೂರಿನ ಬಗ್ಗೆ ಬರೆದದ್ದರಲ್ಲಿ ಒಂದೇ ಒಂದು ತಪ್ಪು ಹುಡುಕಿ ನೋಡೋಣ!" ಎಂದು ಅರಸ ವೀರಭೂಪಾಲ ಮೀಸೆ ತಿರುವಿದ. "ಹುಡುಕಿದರೆ ಕೆರೆ ನಿಮ್ಮದು. ಇಲ್ಲವೋ, ನೀರೆಲ್ಲ ಬಸಿದು ಅಲ್ಲಿ ಕುದುರೆ ಓಡಿಸುತ್ತೇನೆ!"

ಅರಸ ಡೇರೆ ಹಾಕಿದ್ದು ತಾವರೆಗಟ್ಟ ಎಂಬ ಪುಟ್ಟ ಊರಿನಲ್ಲಿ, ಕೆರೆ ಏರಿಯ ಕೆಳಗೇ. ಕೆರೆ ಹೋದರೆ ಗದ್ದೆ ಹೋಯಿತು, ಗದ್ದೆ ಹೋದರೆ ಅನ್ನ ಹೋಯಿತು. ಊರವರೆಲ್ಲ ನೀರುಗಂಟಿ ಕೆಂಚಪ್ಪನ ಮುಖ ನೋಡಿದರು. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ತನ್ನ ಬಾಯಿಯ ತೂಬನ್ನು ಮಾತ್ರ ಅವನು ಎಂದೂ ಮುಚ್ಚಿದವನಲ್ಲ.

ಪಂಡಿತರು ಗಂಟಲು ಸರಿಮಾಡಿಕೊಂಡು ಓದಿದರು: "ಪಶ್ಚಿಮಕ್ಕೆ ಗುಡ್ಡ, ಪೂರ್ವಕ್ಕೆ ಏರಿ, ನಡುವೆ ಕೆರೆ. ಊರು ಹುಟ್ಟಿ ಇನ್ನೂರು ವರ್ಷ. ಕಟ್ಟಿದವನು ದಾಸೇಗೌಡ. ಏರಿಗೆ ಮಣ್ಣು ಹಾಕಿದವರೆಲ್ಲ ಊರಿನವರೇ ಎಂಬುದು ಅವನ ಕಟ್ಟಳೆ. ಈಗಿನ ಜನಸಂಖ್ಯೆ ಮುನ್ನೂರ ಹನ್ನೆರಡು."

ಕೆಂಚಪ್ಪ ಬೆರಳು ಮಡಿಚಿ ಎಣಿಸಿದ. ಹಾಳು ಪಂಡಿತ, ತೊಟ್ಟಿಲ ಕೂಸನ್ನೂ ಬಿಟ್ಟಿರಲಿಲ್ಲ! ಕೆಂಚಪ್ಪನಿಗೆ ಅಳುವೇ ಬಂತು.

"ಬುದ್ಧೀ, ಆ ಮಣ್ಣಿನ ಕಟ್ಟಳೆ ದಿಟವೇ?" ಎಂದು ಕೇಳಿದ.

"ಅಕ್ಷರಕ್ಷರವೂ ದಿಟ!" ಎಂದು ಅರಸ ಗುಡುಗಿದ.

"ಹಂಗಾರೆ ಏರಿ ನೋಡ್ಕೊಂಡು ಬತ್ತೀನಿ" ಎಂದು ಹೋದ ಕೆಂಚಪ್ಪ ಸ್ವಲ್ಪ ಹೊತ್ತಿಗೆ ತಮಟೆ ಬಡಿಯತೊಡಗಿದ. "ಏರಿ ತೂತಾಗೈತೆ! ಮಣ್ಣು ತನ್ರಪ್ಪೋ!"

ತೂತು ಇದ್ದದ್ದು ಡೇರೆಯ ನೆತ್ತಿಗೆ ನೇರ. ಭಟರೆಲ್ಲ ಕುದುರೆ ಮೇಯಿಸಲು ಗುಡ್ಡಕ್ಕೆ ಹೋಗಿದ್ದರು. ಅರಸ ಕಿರೀಟ ಎಸೆದು ಬುಟ್ಟಿ ಹಿಡಿದ. ಪಂಡಿತರು ಪಂಚೆ ಎತ್ತಿ ಕಟ್ಟಿ ಹಿಂದೆಯೇ ಓಡಿದರು. ಊರವರ ಜೊತೆ ಇಬ್ಬರೂ ಏದುಸಿರು ಬಿಡುತ್ತ ಏರಿಗೆ ಮಣ್ಣು ಸುರಿದರು.

ಆಮೇಲೆ ಬಗ್ಗಿ ನೋಡಿದರೆ ಅದು ಏಡಿಯ ಬಿಲ. ಏಡಿ ಗಾಬರಿಯಾಗಿ ಹೊರಗೆ ಬಂದು ನಿಂತಿತ್ತು.

"ಇಷ್ಟಕ್ಕೆ ನನ್ನ ಕೈಲಿ ಮಣ್ಣು ಹೊರಿಸಿದೆಯಾ!" ಅರಸ ಕೆಂಡವಾದ.

"ತಪ್ಪು ಸಿಕ್ತು ಬುದ್ಧೀ. ಜನ ಮುನ್ನೂರ ಹದಿನಾಕು. ಪಂಡಿತರು ಇಬ್ಬರನ್ನ ಬಿಟ್ಟವ್ರೆ."

"ಯಾರವರು?"

"ಒಬ್ಬರ ಮೀಸೇಲಿ ಮಣ್ಣೈತೆ, ಇನ್ನೊಬ್ಬರ ಜುಟ್ಟಲ್ಲಿ."

ಅರಸ ಮೀಸೆ ಮುಟ್ಟಿ ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಸೋತೆ ಕಣೋ! ಕೆರೆ ನಿಮ್ಮದೇ."

"ನಿಮ್ದೂ ಹೌದು ಬುದ್ಧೀ, ನಮ್ಮೂರೋರೇ ಆದ್ರಲ್ಲ" ಎಂದು ಕೆಂಚಪ್ಪ ಕೈಮುಗಿದ. "ಬೇಸಿಗೇಲಿ ಹೂಳೆತ್ತೋಕೆ ಮನೆಗೊಬ್ರು ಬರ್ಬೇಕು. ಅರಮನೆಯಿಂದ ಯಾರು ಬತ್ತೀರಿ?"