ದಪ್ಪ ಗ್ರಂಥವೂ ಗೆದ್ದಲೂ

ಒಂದು ಊರಿನ ಗ್ರಂಥಾಲಯದಲ್ಲಿ ಗೆದ್ದಲಿನ ಬಗ್ಗೆಯೇ ಬರೆದ ದಪ್ಪ ಗ್ರಂಥವೊಂದಿತ್ತು. ಅದು ಕೀಟತಜ್ಞರಿಗಾಗಿ ಬರೆದದ್ದು. ಅಂದರೆ, ಉಳಿದವರು ಅದನ್ನು ಮುಟ್ಟುತ್ತಿರಲಿಲ್ಲ, ಕೀಟತಜ್ಞರು ಆ ಊರಿನಲ್ಲಿರಲಿಲ್ಲ. ಪಕ್ಕದಲ್ಲೇ ಒಂದು ವಿಜ್ಞಾನ ಮಾಸಪತ್ರಿಕೆ ಇತ್ತು. ಎಲ್ಲರೂ ಓದಿ ಓದಿ ಅದರ ಮೂಲೆಗಳು ಮಡಚಿಹೋಗಿದ್ದವು.

ಒಂದು ದಿನ ಗೆದ್ದಲೊಂದು, ಅಂದರೆ ನಿಜವಾದ ಗೆದ್ದಲು, ಬಂದು ಗ್ರಂಥವನ್ನು ತಿನ್ನತೊಡಗಿತು.

"ನಿಲ್ಲು. ನಿನ್ನ ಕುಲಗೋತ್ರವೆಲ್ಲ ನನಗೆ ಗೊತ್ತು," ಎಂದಿತು ಗ್ರಂಥ.

"ಸಂತೋಷ ಸ್ವಾಮಿ. ನನ್ನನ್ನು ಓಡಿಸುವುದು ಗೊತ್ತೇ?"

"ಅದು ಹದಿನೇಳನೆಯ ಅಧ್ಯಾಯದಲ್ಲಿದೆ. ಮೊದಲು ಪೀಠಿಕೆ ಕೇಳು."

ಗೆದ್ದಲು ತಿನ್ನುತ್ತಲೇ ಕೇಳಿತು. ಪೀಠಿಕೆ ಮುಗಿಯುವ ಹೊತ್ತಿಗೆ ಹದಿನೇಳನೆಯ ಅಧ್ಯಾಯ ಅದರ ಹೊಟ್ಟೆ ಸೇರಿತ್ತು.

ಗ್ರಂಥಕ್ಕೆ ಗಾಬರಿಯಾಯಿತು. "ಈ ಪತ್ರಿಕೆಯನ್ನೂ ಸ್ವಲ್ಪ ತಿನ್ನಬಾರದೇ?"

"ಅದನ್ನು ಗಳಿಗೆಗೊಬ್ಬರು ಎತ್ತಿ ಕೊಡವುತ್ತಾರೆ. ಅಲ್ಲಿ ಸಂಸಾರ ಹೂಡುವುದು ಹೇಗೆ?" ಎಂದಿತು ಗೆದ್ದಲು.

ಆಗ ಪತ್ರಿಕೆ ಹೇಳಿತು: "ಅಣ್ಣ, ಹೆಚ್ಚಿನ ಓದಿಗೆ ಎಂದು ನನ್ನ ಕೊನೆಯ ಪುಟದಲ್ಲಿ ನಿಮ್ಮ ಹೆಸರಿದೆ. ಯಾರಾದರೂ ಬಂದಾರು."

"ಕಂಡಕಂಡವರು ನನ್ನನ್ನು ಓದುವುದೇ?"

ಅಷ್ಟರಲ್ಲಿ ಪತ್ರಿಕೆ ಓದಿದ್ದ ಬಡಗಿ ಮೌನೇಶಾಚಾರ್ ಬಂದು, ಗ್ರಂಥವನ್ನು ಎಳೆದು ಮೇಜಿಗೆ ಎರಡು ಸಲ ಬಡಿದ. ಗೆದ್ದಲು ಉದುರಿತು. ಅವನು ಒಂದು ಪುಟ ನೋಡಿ, ತಲೆ ಕೆರೆದುಕೊಂಡು, ಗ್ರಂಥವನ್ನು ಮೊದಲಿನ ಜಾಗದಲ್ಲೇ ಇಟ್ಟುಹೋದ.

"ನೋಡಿದೆಯಾ, ಒಂದು ಸಾಲೂ ತಿಳಿಯಲಿಲ್ಲ ಅವನಿಗೆ," ಎಂದಿತು ಗ್ರಂಥ. ಆಮೇಲೆ ಮೆಲ್ಲಗೆ ಕೇಳಿತು: "ನಾಳೆಯೂ ಬರುತ್ತಾನಾ?"