ಏರಿಯ ಊರು, ಸೇತುವೆಯ ಊರು

ಶಿಷ್ಯ ಮುರಿಗೆಯ್ಯ ಗುರುವಿನ ಮುಂದೆ ಕುಳಿತು ಕೇಳಿದ: "ಗುರುಗಳೇ, ಒಂದು ನಾಡು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ನಿನ್ನೆ ಪೇಟೆಯಲ್ಲಿ ಇಬ್ಬರು ವಿದ್ವಾಂಸರು ಇದೇ ವಿಷಯಕ್ಕೆ ಸಂಜೆಯವರೆಗೆ ವಾದ ಮಾಡಿದರು. ಜನರ ಊಟ, ಆಯಸ್ಸು, ರಸ್ತೆ, ವೈದ್ಯರು, ಇವನ್ನು ನೋಡಿ ನಾಡಿಗೆ ಅಂಕ ಹಾಕಬೇಕು ಎಂದರು ಒಬ್ಬರು. ಆಳುವವರನ್ನು ಜನರೇ ಆರಿಸುತ್ತಾರೋ ಇಲ್ಲವೋ, ಅದೊಂದನ್ನು ನೋಡಿದರೆ ಸಾಕು ಎಂದರು ಇನ್ನೊಬ್ಬರು. ನನಗೆ ಇಬ್ಬರ ಮಾತೂ ಸರಿ ಎನಿಸಿತು. ಇಬ್ಬರದೂ ಸಾಲದು ಎಂದೂ ಎನಿಸಿತು."

ಗುರು ಹೇಳಿದರು: "ಈ ವಾದ ಹಳೆಯದು. ಒಮ್ಮೆ ಒಬ್ಬ ಹೆಂಗಸು ಇದನ್ನು ಕಾಲ್ನಡಿಗೆಯಲ್ಲಿ ಹೋಗಿ, ಕಣ್ಣಾರೆ ನೋಡಿ ತೀರ್ಮಾನಿಸಬೇಕಾಯಿತು. ಕೇಳು."

ಒಂದು ನದಿ ದಿಕ್ಕು ಬದಲಿಸಿ ನೇಕಾರರ ಊರೊಂದನ್ನು ನುಂಗಿತು. ಜನ ಉಳಿದರು, ಮಗ್ಗಗಳು ಹೋದವು. ನಲವತ್ತು ಮನೆಯವರು ಗುಡ್ಡದ ಮೇಲೆ ಚಪ್ಪರ ಹಾಕಿಕೊಂಡರು. ಗುಡ್ಡದ ಮೂಡಲಿಗೆ ಒಂದು ನಾಡು, ಪಡುವಲಿಗೆ ಇನ್ನೊಂದು. ಎರಡೂ ಕಡೆಯವರು 'ಬನ್ನಿ, ಜಾಗ ಕೊಡುತ್ತೇವೆ' ಎಂದು ಹೇಳಿ ಕಳಿಸಿದರು. ಒಮ್ಮೆ ಮಗ್ಗ ಹೂಡಿ ಕುಳಿತ ಮೇಲೆ ಮತ್ತೆ ಕಿತ್ತುಕೊಂಡು ಹೊರಡುವುದು ನೇಕಾರರಿಗೆ ಸುಲಭವಲ್ಲ. ಆದ್ದರಿಂದ ಎಲ್ಲಿಗೆ ಹೋಗಬೇಕೆಂದು ಹಿರಿಯರು ಜಗಳಕ್ಕೆ ಬಿದ್ದರು. ಹೊಟ್ಟೆ ತುಂಬುವ ಕಡೆಗೆ ಹೋಗೋಣ ಎಂದರು ಕೆಲವರು. ನಮ್ಮ ಮಾತು ನಡೆಯುವ ಕಡೆಗೆ ಹೋಗೋಣ ಎಂದರು ಕೆಲವರು. ಜಗಳ ಬಗೆಹರಿಯಲಿಲ್ಲ. ಕೊನೆಗೆ, ಹೊನ್ನವ್ವ ಎರಡೂ ಕಡೆ ಒಂದೊಂದು ತಿಂಗಳು ಇದ್ದು ಬರಲಿ ಎಂದಾಯಿತು.

ಹೊನ್ನವ್ವ ಆ ಊರಿನಲ್ಲಿ ಬಟ್ಟೆ ನೋಡುವವಳು. ಬಟ್ಟೆ ಪೇಟೆಗೆ ಹೋಗುವ ಮೊದಲು, ಎಳೆ ತಪ್ಪಿದ ಜಾಗದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಯಾರ ಮಗ್ಗದ ಬಟ್ಟೆ ಎಂದು ಕೇಳುತ್ತಿರಲಿಲ್ಲ. ಅವಳ ಮಗಳು ಆಗ ನಾಲ್ಕು ತಿಂಗಳ ಬಸುರಿ. ಮೊಮ್ಮಗು ಹುಟ್ಟುವ ನೆಲವನ್ನು ತಾನೇ ಆರಿಸಬೇಕಲ್ಲ ಎಂಬ ಅಳುಕಿನಿಂದ, ಹೇಗಿರಬಹುದು ಆ ನಾಡು ಎಂಬ ಕುತೂಹಲದಿಂದ, ಅವಳು ಮೊದಲು ಮೂಡಲಿಗೆ ಇಳಿದಳು.

ಮೂಡಲ ನಾಡು ಅವಳ ಕಣ್ಣು ತುಂಬಿತು. ರಸ್ತೆಯ ಎರಡೂ ಬದಿಗೆ ಹೊಂಗೆ ಮರಗಳಿದ್ದವು. ಕೇರಿಗೊಬ್ಬ ವೈದ್ಯ, ಕೇರಿಗೊಬ್ಬ ಸೂಲಗಿತ್ತಿ ಇದ್ದರು. ಹಸಿದವರು ಕಾಣಲಿಲ್ಲ. ಐದು ವರ್ಷಕ್ಕೊಮ್ಮೆ ಜನರೆಲ್ಲ ಬಯಲಿನಲ್ಲಿ ಸೇರಿ, ಕೈಯೆತ್ತಿ, ನಾಡಿನ ಯಜಮಾನನನ್ನು ಆರಿಸುತ್ತಿದ್ದರು. ಹಿಂದಿನ ಮೂರು ಸಲವೂ ಎಲ್ಲ ಕೈಗಳೂ ಒಬ್ಬನಿಗೇ ಎದ್ದಿದ್ದವು. 'ಇಲ್ಲಿ ಊಟವೂ ಇದೆ, ಆಯ್ಕೆಯೂ ಇದೆ. ನಮ್ಮ ಹಿರಿಯರು ಸುಮ್ಮನೆ ಜಗಳವಾಡಿದರು' ಎಂದುಕೊಂಡಳು ಹೊನ್ನವ್ವ.

ಅವಳಿಗೆ ಇಳಿದುಕೊಳ್ಳಲು ಒಂದು ಮನೆ ಕೊಟ್ಟಿದ್ದರು. ಪಕ್ಕದ ಮನೆಯಲ್ಲಿ ಬಣ್ಣ ಹಾಕುವ ಹೆಂಗಸೊಬ್ಬಳಿದ್ದಳು. ನೂಲು, ಬಣ್ಣ ಎಂದು ಮಾತು ಬೆಳೆದು ಇಬ್ಬರೂ ಹತ್ತಿರವಾದರು. ಇಲ್ಲಿ ಬಾಳು ಹೇಗಿದೆ ಎಂದು ಹೊನ್ನವ್ವ ಅವಳನ್ನು ಕೇಳಿದಳು. "ನಮಗೇನು ಕಡಿಮೆ?" ಎಂದಳು ಬಣ್ಣದವಳು. ಹೊನ್ನವ್ವ ಕಮ್ಮಾರನನ್ನು ಕೇಳಿದಳು, ಗಾಣದವನನ್ನು ಕೇಳಿದಳು, ಪಾಠ ಹೇಳುವವನನ್ನು ಕೇಳಿದಳು. ನಮಗೇನು ಕಡಿಮೆ ಎಂದೇ ಎಲ್ಲರೂ ಅಂದರು.

ಇಪ್ಪತ್ತನೆಯ ದಿನ ಅವಳು ನೂಲು ತೊಳೆಯಲು ಕೆರೆಯ ಕಡೆಗೆ ಹೋದಳು. ಊರಿಗಿಂತ ಎತ್ತರದಲ್ಲಿ ದೊಡ್ಡ ಕೆರೆ, ಅದಕ್ಕೆ ಹೊಸದಾಗಿ ಕಟ್ಟಿದ ಮಣ್ಣಿನ ಏರಿ. ಏರಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಹೊನ್ನವ್ವ ಬಗ್ಗಿ ಆ ನೀರನ್ನು ಬೊಗಸೆಯಲ್ಲಿ ಹಿಡಿದಳು. ನೀರು ತಿಳಿಯಾಗಿರಲಿಲ್ಲ. ಕೆಂಪು ಮಣ್ಣು ಬೆರೆತಿತ್ತು. ನೀರಿಗೆ ಊರನ್ನು ಕಳೆದುಕೊಂಡು ಬಂದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏರಿ ಒಳಗಿನಿಂದ ಕರಗುತ್ತಿತ್ತು.

ಅವಳು ಓಡಿಬಂದು ಬಣ್ಣದವಳಿಗೆ ಹೇಳಿದಳು. ಬಣ್ಣದವಳು ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು:

"ನನಗೆ ಗೊತ್ತು ಅಕ್ಕಾ. ಎಲ್ಲರಿಗೂ ಗೊತ್ತು."

"ಹಾಗಾದರೆ ಯಜಮಾನರಿಗೆ ಹೇಳಲಿಲ್ಲವೇ?"

"ಆ ಏರಿ ಅವರು ಮುಂದೆ ನಿಂತು ಕಟ್ಟಿಸಿದ್ದು. ಅದು ಸರಿಯಿಲ್ಲ ಎಂದು ಯಾರು ಹೇಳುತ್ತಾರೆ?"

"ಹೇಳಿದವರನ್ನು ಅವರು ಶಿಕ್ಷಿಸುತ್ತಾರೆಯೇ?"

"ಇದುವರೆಗೆ ಯಾರನ್ನೂ ಶಿಕ್ಷಿಸಿಲ್ಲ. ಹೇಳಿದವರೇ ಇಲ್ಲವಲ್ಲ," ಎಂದಳು.

ಹೊನ್ನವ್ವನಿಗೆ ಇದು ವಿಚಿತ್ರವೆನಿಸಿತು. ಅವಳು ನೆಟ್ಟಗೆ ಯಜಮಾನನ ಮನೆಗೆ ಹೋದಳು. ತಡೆಯುವವರು ಯಾರೂ ಇರಲಿಲ್ಲ. ಯಜಮಾನ ಮಣೆ ಹಾಕಿಸಿ ಕೂರಿಸಿದ. ಅವಳು ಹೇಳಿದ್ದನ್ನು ಕೇಳಿ ಕೂಡಲೇ ಎದ್ದು ಏರಿಗೆ ಹೋದ, ತಾನೇ ಕೆಸರಿಗೆ ಇಳಿದ. ಸಂಜೆಯೊಳಗೆ ಮುನ್ನೂರು ಜನ ಬುಟ್ಟಿ ಹಿಡಿದು ಬಂದರು. ತೂಬು ತೆರೆದು ನೀರು ಇಳಿಸಿದರು. ಒಂದೇ ವಾರದಲ್ಲಿ ಏರಿಯ ಬುಡ ಅಗೆದು ಮತ್ತೆ ಕಟ್ಟಿದರು. ಯಜಮಾನ ಎಲ್ಲರೆದುರು ಹೊನ್ನವ್ವನಿಗೆ ಕೈಮುಗಿದು, "ತಾಯಿ, ನನಗೆ ಮೊದಲೇ ಯಾಕೆ ಯಾರೂ ಹೇಳಲಿಲ್ಲ?" ಎಂದು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳಿದ. ಸುತ್ತ ನಿಂತವರು ನೆಲ ನೋಡಿದರು.

ಅಂದಿನಿಂದ ಬಣ್ಣದವಳು ಹೊನ್ನವ್ವನ ಜಗುಲಿಗೆ ಬರಲಿಲ್ಲ. ಕಮ್ಮಾರ ಅವಳನ್ನು ಕಂಡರೆ ಕುಲುಮೆಯ ಕಡೆಗೆ ತಿರುಗಿ ನಿಲ್ಲುತ್ತಿದ್ದ. ಹಾಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ತಿಂಗಳು ಮುಗಿಸಿ ಹೊನ್ನವ್ವ ಪಡುವಲಿಗೆ ಹೋದಳು.

ಪಡುವಲ ನಾಡು ಅವಳನ್ನು ಎರಡು ದಿನ ಕೆಸರಿನಲ್ಲಿ ನಡೆಸಿತು. ನಾಲ್ಕು ಊರಿಗೆ ಒಬ್ಬನೇ ವೈದ್ಯ. ಊರ ಮುಂದಿನ ಹೊಳೆಗೆ ಸೇತುವೆ ಶುರುಮಾಡಿ ಮೂರು ವರ್ಷವಾಗಿತ್ತು. ನಡುವಿನವರೆಗೆ ಬಂದು ನಿಂತಿತ್ತು. ಈ ನಾಡಿನ ಯಜಮಾನ ಏಳು ಕೈಗಳ ಅಂತರದಲ್ಲಿ ಗೆದ್ದವನು. ಸೋತವರು ಅದನ್ನು ಅವನಿಗೆ ದಿನವೂ ನೆನಪಿಸುತ್ತಿದ್ದರು. ಇಲ್ಲಿ ಬಾಳು ಹೇಗಿದೆ ಎಂದು ಕೇಳಿದರೆ ಸಾಕು, ಜನ ಹೊನ್ನವ್ವನನ್ನು ಕೂರಿಸಿಕೊಂಡು ಊಟದ ಹೊತ್ತಿನವರೆಗೆ ದೂರು ಹೇಳುತ್ತಿದ್ದರು. ಅವಳಿಗೆ ತಲೆನೋವು ಬಂತು. ಇಲ್ಲಿಗೆ ನನ್ನ ಜನರನ್ನು ಕರೆತರುವುದೇ ಎಂದುಕೊಂಡಳು.

ಒಂದು ದಿನ ಆ ಊರಿನ ಸೊಸೆಯೊಬ್ಬಳಿಗೆ ಹೆರಿಗೆ ನೋವು ಬಂತು. ವೈದ್ಯ ಹೊಳೆಯ ಆಚೆಗಿದ್ದ. ಹೊಳೆ ತುಂಬಿತ್ತು. ಅವಳನ್ನು ಡೋಲಿಯಲ್ಲಿ ಸುತ್ತುಬಳಸಿ ಹೊತ್ತುಕೊಂಡು ಹೋಗುವಷ್ಟರಲ್ಲಿ ಕೂಸು ಹೋಯಿತು. ಹೊನ್ನವ್ವನೂ ಆ ಡೋಲಿಗೆ ಹೆಗಲು ಕೊಟ್ಟಿದ್ದಳು. ಆ ಹೆಣ್ಣಿನ ನರಳಾಟ ಅವಳ ಕಿವಿಯಲ್ಲಿ ಉಳಿಯಿತು. ತನ್ನ ಮಗಳ ಮುಖ ಕಣ್ಣ ಮುಂದೆ ಬಂದು ನಿಂತಿತು.

ಮೂರನೆಯ ದಿನ ಆ ಸೊಸೆಯ ಅತ್ತೆ ಊರ ಸಭೆಗೆ ಬಂದಳು. ಕಟ್ಟೆಯ ಮೇಲೆ ಕುಳಿತಿದ್ದ ಯಜಮಾನನ ಎದುರು ನಿಂತು, "ನಿನ್ನ ಅರೆ ಸೇತುವೆ ನನ್ನ ಮನೆಯ ಕೂಸನ್ನು ತಿಂದಿತು. ಆ ಕಟ್ಟೆಯಿಂದ ಕೆಳಗಿಳಿ," ಎಂದಳು. ಯಜಮಾನ ಕಟ್ಟೆಯಿಂದ ಇಳಿದು ನೆಲದ ಮೇಲೆ ಕುಳಿತ. ಆಗ ಹಿಂದಿನಿಂದ ಒಬ್ಬ ರೈತ ಎದ್ದು ಹೇಳಿದ: "ಅಜ್ಜಿ, ನಿನ್ನ ಸಂಕಟ ನಮ್ಮದೂ ಹೌದು. ಆದರೆ ಹೋದ ವರ್ಷ ಸೇತುವೆಗೆ ಮನೆಗೊಬ್ಬ ಆಳು ಬರಬೇಕು ಎಂದಾಗ, ಬರುವುದಿಲ್ಲ ಎಂದವರಲ್ಲಿ ನೀನೂ ಒಬ್ಬಳು."

ಇನ್ನು ಈ ರೈತನಿಗೆ ಉಳಿಗಾಲವಿಲ್ಲ ಎಂದು ಹೊನ್ನವ್ವ ಹೆದರಿದಳು. ಮುದುಕಿ, "ಹೌದು, ಅಂದಿದ್ದೆ," ಎಂದಳು. ಕುಳಿತು ಅತ್ತಳು. ಆ ರೈತನ ಹೆಂಡತಿಯೇ ಹೋಗಿ ಅವಳಿಗೆ ನೀರು ಕೊಟ್ಟಳು. ಸಭೆ ಮತ್ತೆ ಗದ್ದಲಕ್ಕೆ ಬಿತ್ತು. ಮನೆಗೊಬ್ಬ ಆಳು ಎಂದು ತೀರ್ಮಾನವಾಗಲು ಇನ್ನೂ ಆರು ದಿನ ಹಿಡಿಯಿತು. ಹೊನ್ನವ್ವ ಹೊರಟ ದಿನ ಸೇತುವೆ ಎರಡು ಮೊಳ ಮುಂದೆ ಹೋಗಿತ್ತು, ಅಷ್ಟೇ.

ಗುಡ್ಡದ ಮೇಲೆ ನಲವತ್ತು ಮನೆಯವರೂ ಅವಳಿಗಾಗಿ ಕಾದಿದ್ದರು. ಅವಳು ಕಂಡದ್ದನ್ನೆಲ್ಲ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ, ಕೂಸು ಸತ್ತದ್ದನ್ನು ಕೂಡ. ಕೇಳುತ್ತ ಕುಳಿತಿದ್ದ ಅವಳ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಹಾಗಾದರೆ ಮೂಡಲಿಗೇ ಹೋಗೋಣ," ಎಂದ ಹಿರಿಯನೊಬ್ಬ. "ಅಲ್ಲಿ ತಪ್ಪು ತಿಳಿದ ಕೂಡಲೇ ಒಂದು ವಾರದಲ್ಲಿ ಸರಿ ಮಾಡಿದರಲ್ಲ. ಪಡುವಲಲ್ಲಿ ಮೂರು ವರ್ಷವಾದರೂ ಒಂದು ಸೇತುವೆ ಆಗಿಲ್ಲ."

"ಅಣ್ಣಾ, ನನ್ನ ಕರುಳೂ ಅದನ್ನೇ ಹೇಳುತ್ತದೆ," ಎಂದಳು ಹೊನ್ನವ್ವ. "ಆದರೆ ಅಲ್ಲಿ ತಪ್ಪು ತಿಳಿದದ್ದು ಹೊರಗಿನವಳು ಬಂದದ್ದರಿಂದ. ನಾವು ಅಲ್ಲಿ ನೆಲೆಸಿದ ಮೇಲೆ ನಾವೂ ಒಳಗಿನವರೇ ಆಗುತ್ತೇವೆ. ಮುಂದಿನ ಸಲ ಯಾರು ಬಂದು ಹೇಳುತ್ತಾರೆ?"

ಒಪ್ಪಿದವರು ಇಪ್ಪತ್ತೊಂಬತ್ತು ಮನೆಯವರು. ಅವರು ಪಡುವಲಿಗೆ ಹೋದರು. ಹೋದ ಮರುದಿನವೇ, ಮಗ್ಗ ಹೂಡುವ ಮೊದಲು, ಸೇತುವೆಯ ಕಲ್ಲು ಹೊತ್ತರು. ಕಲ್ಲು ಇಡುವ ಬಗೆಗೆ ಊರವರ ಜೊತೆ ಜಗಳವನ್ನೂ ಆಡಿದರು. ಹೊನ್ನವ್ವನ ಮಗಳಿಗೆ ದಿನ ತುಂಬುವ ಹೊತ್ತಿಗೆ ಸೇತುವೆ ಮನುಷ್ಯರು ದಾಟುವಷ್ಟಾಯಿತು. ಗಾಡಿ ದಾಟಲು ಇನ್ನೊಂದು ವರ್ಷ ಬೇಕಾಯಿತು. ಉಳಿದ ಹನ್ನೊಂದು ಮನೆಯವರು ಮೂಡಲಿಗೆ ಹೋದರು.

ಗುರು ಕತೆ ನಿಲ್ಲಿಸಿದರು. ಮುರಿಗೆಯ್ಯ ತಡೆಯಲಾರದೆ ಕೇಳಿದ: "ಆ ಹನ್ನೊಂದು ಮನೆಯವರು ಏನಾದರು?"

"ಹೊಟ್ಟೆ ತುಂಬ ಉಂಡರು. ಹೊನ್ನವ್ವ ಒಮ್ಮೆ ಅವರನ್ನು ನೋಡಲು ಹೋಗಿ, ಬಾಳು ಹೇಗಿದೆ ಎಂದು ಕೇಳಿದಳು. ನಮಗೇನು ಕಡಿಮೆ ಎಂದರು."

ಮುರಿಗೆಯ್ಯ ಇನ್ನೂ ಒಪ್ಪಲಿಲ್ಲ. "ಆದರೆ ಗುರುಗಳೇ, ಮೂಡಲ ಯಜಮಾನ ಕೆಟ್ಟವನಲ್ಲ. ತಪ್ಪು ತೋರಿಸಿದವಳಿಗೆ ಕೈಮುಗಿದ. ಕೆಸರಿಗೆ ಇಳಿದ. ಜನ ಮಾತಾಡದಿದ್ದರೆ ಅವನದೇನು ತಪ್ಪು? ಅಂಥ ಒಳ್ಳೆಯವನ ಎದುರು ಅಷ್ಟೊಂದು ಜನ ಬಾಯಿ ಕಟ್ಟಿಕೊಂಡು ಕುಳಿತದ್ದು ನನಗೆ ನಂಬಲಾಗುವುದಿಲ್ಲ."

ಗುರು ಅವನನ್ನೇ ನೋಡುತ್ತ ಕೇಳಿದರು: "ಮುರಿಗೆಯ್ಯಾ, ನೀನು ಈ ಮಠಕ್ಕೆ ಬಂದು ಹನ್ನೆರಡು ವರ್ಷವಾಯಿತು, ಇಷ್ಟು ದಿನಗಳಲ್ಲಿ ನಾನು ತಪ್ಪಿದ್ದನ್ನು ನನಗೆ ಎಷ್ಟು ಸಲ ಹೇಳಿದ್ದೀಯೆ?"

ಮುರಿಗೆಯ್ಯ ಬೆರಳು ಮಡಿಸಿ ಎಣಿಸಲು ಹೊರಟ. ಒಂದು ಬೆರಳೂ ಮಡಿಯಲಿಲ್ಲ.